ಹೇಳದೆ ಬಿಟ್ಟ ಎರಡು ಚೀಲ

ಅಕ್ಕಲಕೋಟದ ದೊಡ್ಡ ರಸ್ತೆ ಬಿಟ್ಟು ಹನ್ನೂರಿನ ದಾರಿ ಹಿಡಿದ ಮೇಲೆ ಕಣಿಕೆ ಹೇರಿದ ಟ್ರ್ಯಾಕ್ಟರ್ ಮುಂದೆ ಸಿಕ್ಕಿತೆಂದರೆ ಮುಗಿಯಿತು, ಊರು ಮುಟ್ಟುವ ತನಕ ಅದರ ಹಿಂದೆಯೇ ಹೋಗಬೇಕು. ಹೋದ ವಾರ ನನ್ನ ಸ್ಕೂಟಿಗೆ ಅದೇ ಗತಿಯಾಯಿತು. ಒಣಗಿದ ಜೋಳದ ದಂಟಿನ ಸಿಹಿ ವಾಸನೆ, ಅದರ ಜೊತೆ ಮೈಯೆಲ್ಲ ತುರಿಸುವ ಸುಂಕಿನ ಧೂಳು. ಹಾರ್ನ್ ಬಾರಿಸಿ ದಾರಿ ಕೇಳುವ ಬದಲು ನಾನು ಗಾಡಿಯನ್ನು ಬದಿಗೆ ನಿಲ್ಲಿಸಿಬಿಟ್ಟೆ. ಮೂರು ವರ್ಷದ ಹಿಂದಿನ ಬೇಸಿಗೆ ಆ ವಾಸನೆಯ ಜೊತೆಗೇ ಬಂದಿತ್ತು. ಅದು ಬಂದಾಗಲೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆಗ ನಾನು ಸೋಲಾಪುರದ ಹೊರಗಿನ ಒಂದು ಖಾಸಗಿ ವಿದ್ಯಾಪೀಠದಲ್ಲಿ ಡೇಟಾ ಅನಾಲಿಟಿಕ್ಸ್ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮುಂಭಾಗ ಪೂರ್ತಿ ಗಾಜಿನ ಕಟ್ಟಡ. ಸೋಲಾಪುರದ ಬಿಸಿಲಿಗೆ ಗಾಜಿನ ಗೋಡೆ ಕಟ್ಟಿಸಿದ ಪುಣ್ಯಾತ್ಮ ಯಾರೋ, ಹನ್ನೊಂದು ಗಂಟೆಗೇ ಲ್ಯಾಬು ರೊಟ್ಟಿಯ ಹೆಂಚಿನ ಹಾಗೆ ಕಾಯುತ್ತಿತ್ತು. ಅಪ್ಪ ಸೋಲಾಪುರದಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಆದರೆ ಏಳನೆಯ ಇಯತ್ತೆಯವರೆಗೆ ನಾನು ಓದಿದ್ದು ಹನ್ನೂರಿನ ಕನ್ನಡ ಶಾಲೆಯಲ್ಲಿ, ಬೆಳೆದದ್ದು ಮಾದೇವಿ ಕಾಕುವಿನ ಕೈಯಲ್ಲಿ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಅಪ್ಪನ ಬದಲಿ ಊರಿಂದೂರಿಗೆ ಆಗುತ್ತಿದ್ದಾಗ ನನ್ನ ಜಡೆ ಹಾಕಿದವಳು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಡಬ್ಬಿ ಕಟ್ಟಿದವಳು ಅವಳೇ. ಆಮೇಲೆ ನಾನು ಸೋಲಾಪುರಕ್ಕೆ ಬಂದು ಮರಾಠಿ ಶಾಲೆ ಸೇರಿದೆ. ಕಾಕಾ ತೀರಿಕೊಂಡರು. ಕಾಕುವಿನ ಮಗಳನ್ನು ಕಂದಲಗಾಂವಿಗೆ ಕೊಟ್ಟರು.

ಕಾಕಾ ಹೋದ ಮೇಲೆ ಮನೆಯ ಹಿರಿಯರಾದ ದೊಡ್ಡಪ್ಪ ಒಂದು ವ್ಯವಸ್ಥೆ ಮಾಡಿದ್ದರು. ಹೊಲ ಇನ್ನೂ ಮೂವರು ಅಣ್ಣತಮ್ಮಂದಿರ ಹೆಸರಲ್ಲಿ ಒಟ್ಟಿಗೇ ಇತ್ತು. ಅದರಲ್ಲಿ ಹಳ್ಳದ ದಂಡೆಯ ತುಂಡನ್ನು ಕಾಕು ಮಾಡಬೇಕು, ಬಂದ ಜೋಳದಲ್ಲಿ ಅರ್ಧ ದೊಡ್ಡಪ್ಪನ ದೊಡ್ಡಮನೆಗೆ ಕೊಡಬೇಕು. ಕಾಕು ಒಂಬತ್ತು ವರ್ಷ ಹಾಗೆಯೇ ಮಾಡಿದ್ದಳು. ಕಾಳು ಒಕ್ಕುವ ರಾಶಿಯ ದಿನ ಚಪ್ಪಲಿ ಕಳೆದಿಟ್ಟು ತಾನೇ ನಿಂತು ಚೀಲ ತುಂಬಿಸುವಳು. ಈಗ ಮಷಿನ್ ಬಂದಿದ್ದರೂ ಮೊದಲ ಚೀಲಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾಳೆ. ಅವಳು ಎಣಿಸಿದ್ದನ್ನು ಯಾರೂ ಇನ್ನೊಮ್ಮೆ ಎಣಿಸಿ ನೋಡಿರಲಿಲ್ಲ. ಆ ನಂಬಿಕೆ ಅವಳ ಆಸ್ತಿ. ಹೊಲವಂತೂ ಅವಳ ಹೆಸರಲ್ಲಿರಲಿಲ್ಲ.

ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟ್ ಮಾಡಬೇಕಿತ್ತು. ನನ್ನ ಜೋಡಿ ಪ್ರಣಾಲಿ, ಸೋಲಾಪುರದಲ್ಲೇ ಹುಟ್ಟಿ ಬೆಳೆದವಳು, ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಆಕಾಶದಿಂದ ತೆಗೆದ ಉಪಗ್ರಹದ ಚಿತ್ರಗಳಲ್ಲಿ ಡಿಸೆಂಬರಿನ ಬೆಳೆ ಎಷ್ಟು ಹಸಿರಾಗಿದೆ ಎಂದು ನೋಡಿ, ಫಾಲ್ಗುಣದಲ್ಲಿ ಎಷ್ಟು ಚೀಲ ಜೋಳ ಬರುತ್ತದೆಂದು ಮೊದಲೇ ಹೇಳುವುದು ನಮ್ಮ ವಿಷಯ. ಅದು ಸರಿಯೋ ತಪ್ಪೋ ತಿಳಿಯಬೇಕಾದರೆ ನಿಜವಾಗಿ ಎಷ್ಟು ಬಂತು ಎಂದು ರೈತರನ್ನು ಕೇಳಬೇಕು. ನಮ್ಮೂರಿದೆಯಲ್ಲ ಎಂದು ನಾನು ಕಾಲರ್ ಏರಿಸಿಕೊಂಡು ಹೇಳಿದೆ. ರಾಶಿ ಮುಗಿಯುತ್ತಾ ಬಂದ ಹಾಗೆ ಇಬ್ಬರೂ ಹನ್ನೂರಿಗೆ ಹೋಗಿ ಅರವತ್ತೆರಡು ಮನೆ ಹತ್ತಿ ಇಳಿದೆವು. ದೊಡ್ಡವ್ವ ನನ್ನ ಓದಿನ ಹೆಸರು ಕೇಳಿ, ಫೋನಿಗೆ ಹಾಕಿಸುವ ಡೇಟಾ ಕಲಿಯುವುದಕ್ಕೂ ಕಾಲೇಜು ಬೇಕೇ ಎಂದು ಗಲ್ಲದ ಮೇಲೆ ಕೈಯಿಟ್ಟಳು.

ಊರಲ್ಲಿ ಒಂದು ಪದ್ಧತಿ ಇದೆ. ರಾಶಿ ಎಷ್ಟಾಯಿತೆಂದು ಕೇಳಬಾರದು. ಕೇಳಿದರೂ ಇದ್ದಷ್ಟು ಹೇಳಬಾರದು. ಕಣ್ಣು ತಾಗುತ್ತದೆ ಎಂದು ಎರಡು ಚೀಲ ಬಾಯಲ್ಲೇ ಉಳಿಸಿಕೊಳ್ಳುತ್ತಾರೆ. ಹೊಲ ದೊಡ್ಡದಿರಲಿ ಸಣ್ಣದಿರಲಿ, ಎರಡೇ. ಇಪ್ಪತ್ತಾದರೆ ಹದಿನೆಂಟು, ಹತ್ತಾದರೆ ಎಂಟು. ಅದನ್ನು ಯಾರೂ ಸುಳ್ಳು ಎಂದು ತಿಳಿಯುವುದಿಲ್ಲ, ಏಕೆಂದರೆ ಕೇಳುವವನೂ ಮನಸ್ಸಿನಲ್ಲಿ ಎರಡು ಸೇರಿಸಿಕೊಂಡೇ ಕೇಳುತ್ತಾನೆ. ಅರವತ್ತೊಂದು ಮನೆಯವರು ನನಗೂ ಹಾಗೆಯೇ ಹೇಳಿದರು. ದೊಡ್ಡಪ್ಪ ಸ್ವತಃ ನಲವತ್ತೆರಡಕ್ಕೆ ನಲವತ್ತು ಎಂದರು.

ಕಾಕು ಮಾತ್ರ ಪ್ರಣಾಲಿಯನ್ನು ನೀರು ಕುಡಿಯಲು ಒಳಗೆ ಕಳಿಸಿ, ನನ್ನನ್ನು ಹಿತ್ತಲ ಕಡೆ ಕರೆದಳು.

"ಮಂದಿಗಿ ಹನ್ನೆರಡ ಅಂದೀನಿ. ಆಗಿದ್ದು ಹದಿನಾಕು. ನಿನ್ನ ಸಾಲಿ ಕೆಲಸ ಅದು, ಅದ್ರಾಗ ಸುಳ್ಳ ಬರಸಬಾರ್ದು. ಖರೇನ ಬರ್ಕೋ, ಯಾರ ಮುಂದೂ ಹೇಳಬ್ಯಾಡ."

ದೊಡ್ಡಮನೆಗೆ ಏಳು ಚೀಲ ಮುಟ್ಟಿಸಿಯಾಗಿತ್ತು, ಆದ್ದರಿಂದ ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ನಾನು ಹದಿನಾಲ್ಕು ಎಂದು ಬರೆದುಕೊಂಡೆ. ಆವತ್ತು ನನಗಾದ ಸಂತೋಷ ಇಷ್ಟೇ ಎಂದು ಹೇಳಲಾರೆ. ನನ್ನ ಓದನ್ನು ಊರಲ್ಲಿ ಒಬ್ಬಳಾದರೂ ದೇವರ ಕೆಲಸದ ಸಾಲಿಗೆ ಸೇರಿಸಿದ್ದಳು.

ಸೋಲಾಪುರಕ್ಕೆ ಬಂದು ಲೆಕ್ಕ ಹಾಕಿದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಆಕಾಶ ಹೇಳಿದ್ದು ಒಂದು, ಊರು ಹೇಳಿದ್ದು ಒಂದು. ಸಣ್ಣ ಹೊಲಗಳಲ್ಲಂತೂ ಅಂತರ ತೀರಾ ಎದ್ದು ಕಾಣುತ್ತಿತ್ತು. ವೈವಾಗೆ ಒಂದೂವರೆ ತಿಂಗಳು ಉಳಿದಿತ್ತು. ಪ್ರಣಾಲಿಗೆ ಪುಣೆಯ ಒಂದು ಕಂಪನಿ ಕೆಲಸ ಕೊಡುತ್ತೇನೆಂದು ಹೇಳಿ, ಪ್ರಾಜೆಕ್ಟಿನ ಗ್ರೇಡು ನೋಡಿ ಮುಂದಿನ ಮಾತು ಎಂದಿತ್ತು. ಅವಳು ದಿನಾ ನನ್ನ ಮುಖ ನೋಡುತ್ತಿದ್ದಳು. ಒಂದು ದಿನ ಕ್ಲಾಸಿನಲ್ಲಿ ಗೈಡ್ ಸರ್, ಜನ ಎಲ್ಲರೂ ಒಂದೇ ರೀತಿ ಕಡಿಮೆ ಹೇಳಿದರೆ ಅದನ್ನು ಸರಿಪಡಿಸುವುದು ಹೇಗೆ ಎಂದು ಕಲಿಸುತ್ತಿದ್ದರು. ನಾನು ತಡೆಯಲಾರದೆ ಎದ್ದು ನಿಂತು ನಮ್ಮೂರಿನ ಎರಡು ಚೀಲದ ಸಂಗತಿ ಹೇಳಿದೆ. ಸರ್ ಮಾರ್ಕರ್ ಕೆಳಗಿಟ್ಟು, ಇದು ಯಾವ ಪುಸ್ತಕದಲ್ಲೂ ಸಿಗದ ಜ್ಞಾನ, ಹಳ್ಳಿಯ ಹುಡುಗಿಗೆ ಮಾತ್ರ ಗೊತ್ತಿರುವಂಥದ್ದು ಎಂದು ಮರಾಠಿಯಲ್ಲಿ ಹೊಗಳಿದರು. ಎಲ್ಲ ಮನೆಗೂ ಎರಡೆರಡು ಸೇರಿಸು ಎಂದರು. ನಾನು ಉಬ್ಬಿಹೋದೆ.

ಅದೇ ಮಧ್ಯಾಹ್ನ ಕೂತು ಮೊದಲ ಮನೆಗೆ ಎರಡು ಕೂಡಿಸುವ ಸೂತ್ರ ಬರೆದೆ, ಮೌಸ್ ಹಿಡಿದು ಕೆಳಗಿನವರೆಗೆ ಎಳೆದೆ. ಅಷ್ಟೇ ಕೆಲಸ. ಅರವತ್ತೆರಡೂ ಮನೆಗೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಎರಡೆರಡು ಚೀಲ ಸೇರಿದವು. ಇಪ್ಪತ್ತಮೂರನೆಯದು ಕಾಕುವಿನದು. ಹದಿನಾಲ್ಕು ಇದ್ದದ್ದು ಹದಿನಾರಾಗಿತ್ತು.

ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ನೋಡಿದೆ. ಒಂದು ಮನೆಯನ್ನು ಮಾತ್ರ ಬಿಡಬೇಕಾದರೆ ಏಕೆ ಬಿಟ್ಟೆ ಎಂದು ಬರೆಯಬೇಕು. ಬರೆದರೆ ಕಾಕು ಗುಟ್ಟಾಗಿ ಹೇಳಿದ್ದನ್ನು ಬಯಲಿಗಿಡಬೇಕು. ಇದು ನಾನು ಹೊರಗೆ ಹೇಳಿಕೊಳ್ಳುವ ಕಾರಣ. ಒಳಗಿನದು ಬೇರೆ. ಎಲ್ಲರಿಗೂ ಒಂದೇ ನಿಯಮ ಎಂಬುದು ಚೆಂದ ಕಾಣುತ್ತಿತ್ತು, ಸರ್ ಹೊಗಳಿದ ಮಾತು ಇನ್ನೂ ಕಿವಿಯಲ್ಲಿತ್ತು, ಅದಕ್ಕೆ ತೂತು ಬೀಳಿಸಲು ನನಗೆ ಮನಸ್ಸಾಗಲಿಲ್ಲ. ಅರವತ್ತೆರಡರಲ್ಲಿ ಒಂದು ಎಂದುಕೊಂಡು ಫೈಲು ಮುಚ್ಚಿದೆ. ಲೆಕ್ಕ ತಾಳೆಯಾಯಿತು. ಪ್ರಣಾಲಿ ನನಗೆ ಕಬ್ಬಿನ ಹಾಲು ಕುಡಿಸಿದಳು.

ಅಲ್ಲಿಗೇ ನಿಂತಿದ್ದರೆ ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಆದರೆ ವಿದ್ಯಾಪೀಠದಲ್ಲಿ ಒಂದು ಪದ್ಧತಿ, ಪ್ರಾಜೆಕ್ಟಿನ ಫಲ ಊರಿಗೆ ಮುಟ್ಟಿಸಿ ಫೋಟೊ ತೆಗೆಸಿಕೊಳ್ಳಬೇಕು. ಸರ್ ದೊಡ್ಡ ಫ್ಲೆಕ್ಸ್ ಮಾಡಿಸಲು ಹೇಳಿದರು. ಹನ್ನೂರಿನ ಹೊಲಗಳ ಮೇಲಿಂದ ತೆಗೆದ ಚಿತ್ರ, ಪ್ರತಿ ಹೊಲದ ಮೇಲೆ ಒಂದು ಬಣ್ಣದ ಚುಕ್ಕೆ, ಪಕ್ಕದಲ್ಲಿ ಚೀಲದ ಸಂಖ್ಯೆ. ಹೆಸರು ಹಾಕಬಾರದೆಂದು ಪ್ರಣಾಲಿ ಒಂದೊಂದನ್ನೂ ಅಳಿಸಿದಳು. ಹೆಸರಿಲ್ಲದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ಪೇಟೆಯ ಅವಳು ನಂಬಿದ್ದಳು. ಊರಿನ ನಾನೂ ಹೇಗೆ ನಂಬಿದೆನೋ ಕಾಣೆ. ತನ್ನ ಬದುವಿನ ಬೇವಿನ ಮರ ಯಾವುದೆಂದು ತಿಳಿಯಲು ನಮ್ಮೂರಲ್ಲಿ ಯಾರಿಗೂ ಹೆಸರು ಬೇಕಾಗಿಲ್ಲ.

ಚೈತ್ರದ ಬಿಸಿಲು. ಶಾಲೆಯ ಗೋಡೆಗೆ ಫ್ಲೆಕ್ಸ್ ಕಟ್ಟಿದೆವು. ಮೊದಲು ಎಲ್ಲರೂ ನಕ್ಕರು. ಅದು ನಮ್ಮ ಬಾವಿ, ಅದು ನಿಮ್ಮ ಗುಡಿಸಲು ಎಂದು ಮುದುಕರು ಕೋಲಿನಿಂದ ತೋರಿಸಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ಹೊಲದ ಸಂಖ್ಯೆ ಓದಿಕೊಂಡರು. ಯಾರಿಗೂ ಹೇಳದೆ ಬಿಟ್ಟ ಎರಡು ಚೀಲ ಅಲ್ಲಿ ಸರಿಯಾಗಿ ಬಂದು ಕೂತಿದ್ದವು. ಒಬ್ಬ ಮುತ್ಯಾ ಮೇಲೆ ನೋಡಿ ಕೈಮುಗಿದು, ಆಕಾಶದಿಂದ ಚೀಲ ಎಣಿಸ್ಯಾರಪಾ ಎಂದ. ಗದ್ದಲವೋ ಗದ್ದಲ. ಅಲ್ಲ, ಎರಡು ಸೇರಿಸಿದ್ದು ನಾನು ಎಂದು ನಾನು ಆಗಲೇ ಹೇಳಬಹುದಿತ್ತು. ನಗುತ್ತಾ ನಿಂತೆ. ಊರೆಲ್ಲ ಬೆರಗಾಗಿ ನೋಡುವಾಗ ಅದರಲ್ಲಿ ಪಾಲು ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ತಮ್ಮ ಹೊಲದ ನಲವತ್ತೆರಡನ್ನು ಓದಿದರು. ಆಮೇಲೆ ಅವರ ಬೆರಳು ಹಳ್ಳದ ದಂಡೆಗೆ ಸರಿಯಿತು. ಅಲ್ಲೇ ಬಹಳ ಹೊತ್ತು ನಿಂತಿತು. ಹೆಂಗಸರ ಗುಂಪಿನ ಹಿಂದೆ ಕಾಕು ಸೆರಗು ಹೊದ್ದು ನಿಂತಿದ್ದಳು. ಯಾರೋ ಅವಳ ಕಿವಿಯಲ್ಲಿ ಹದಿನಾರು ಎಂದಿರಬೇಕು. ಅವಳು ಫ್ಲೆಕ್ಸ್ ನೋಡಲಿಲ್ಲ, ನನ್ನನ್ನು ನೋಡಿದಳು.

ದೊಡ್ಡಮನೆಯಲ್ಲಿ ಸರ್‌ಗೆ ಚಹಾ, ಚುರುಮುರಿಯ ಸುಸಲಾ ಆಯಿತು. ದೊಡ್ಡಪ್ಪ ಅವರನ್ನು ಮರ್ಯಾದೆಯಿಂದ ಮಾತಾಡಿಸಿದರು, ಶಾಲು ಹೊದಿಸಿದರು. ನಾನು ಬಾಯಿ ಬಿಡಬೇಕಿದ್ದ ಹೊತ್ತು ಅದು. ಎದುರಿಗೆ ಸರ್ ಇದ್ದಾರೆ, ಪ್ರಣಾಲಿ ಇದ್ದಾಳೆ, ಗ್ರೇಡು ಇದೆ. ಸರ್ ಮತ್ತು ಪ್ರಣಾಲಿಯ ಗಾಡಿ ಹೊರಟು ಧೂಳು ಇಳಿದ ಮೇಲೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, ಹಳ್ಳದ ತುಂಡಿನಲ್ಲಿ ಹದಿನಾರು ಚೀಲ ಬೆಳೆದರೆ ತಮ್ಮ ಮನೆಗೆ ಎಂಟು ಬರಬೇಕಿತ್ತು, ಬಂದದ್ದು ಏಳು ಎಂದರು. ಕೂಗಾಡಲಿಲ್ಲ. ಅವರು ಕೂಗಾಡುವವರಲ್ಲ. ಕಾಕು ಬಾಗಿಲ ಮರೆಯಲ್ಲಿ ನಿಂತಿದ್ದಳು, ಭಾವನ ಎದುರು ಅವಳು ಎಂದೂ ನೇರ ಮಾತಾಡಿದವಳಲ್ಲ.

ನಾನು ಆಗ ಹೇಳಿದೆ. ಅದು ನಾನು ಸೇರಿಸಿದ ಎರಡು, ಎಲ್ಲರಿಗೂ ಸೇರಿಸಿದ್ದು, ಕಾಕು ಮಾತ್ರ ನನಗೆ ನಿಜ ಹೇಳಿದ್ದಳು ಎಂದು ತೊದಲುತ್ತಾ ಎಲ್ಲ ಒಪ್ಪಿಕೊಂಡೆ. ದೊಡ್ಡಪ್ಪ ಕೊನೆಯತನಕ ಕೇಳಿದರು.

"ನಂದು ಬರೋಬ್ಬರಿ ಬಂದಾದ. ಊರಾಗ ಎಲ್ಲಾರದೂ ಬರೋಬ್ಬರಿ ಬಂದಾದ. ಆಕೀದ ಒಂದೇ ಹ್ಯಾಂಗ ತಪ್ಪತದ, ಸ್ವಾತಿ?" ಎಂದರು. ಮತ್ತೆ, "ನೀ ಹೇಳೂದು ಖರೇ ಇದ್ರ ನಿಮ್ಮ ಸರ್ ಕುಂತಾಗ ಯಾಕ ಹೇಳ್ಲಿಲ್ಲ?" ಎಂದು ಕೇಳಿದರು.

ನನ್ನ ಬಳಿ ಇದ್ದ ಉತ್ತರ ಹೇಳುವಂಥದ್ದಾಗಿರಲಿಲ್ಲ. ಕಾಕು ನನ್ನನ್ನು ಸಾಕಿದವಳು, ಅವಳನ್ನು ಉಳಿಸಲು ಹುಡುಗಿ ಸುಳ್ಳಾಡುತ್ತಿದ್ದಾಳೆ ಎಂದು ಕಟ್ಟೆಯ ಮೇಲಿದ್ದವರೆಲ್ಲ ತಿಳಿದರು. ಪಾಪ, ಕರುಳು ಎಂದು ಒಬ್ಬರು ನನ್ನನ್ನೇ ಮೆಚ್ಚಿದರು. ನಾನು ಹುಟ್ಟಿದ ಮೇಲೆ ಅಷ್ಟು ನಿಜ ಎಂದೂ ಆಡಿರಲಿಲ್ಲ, ಅದನ್ನು ನಂಬುವವರು ಒಬ್ಬರೂ ಇರಲಿಲ್ಲ. ಅಪ್ಪನಿಗೆ ಫೋನು ಮಾಡಿದರೆ, ಅಣ್ಣನ ಮಾತಿಗೆ ತಾನು ಎದುರಾಡಿದವನಲ್ಲ, ನಾಲ್ಕು ದಿನ ಹೋದರೆ ತಣ್ಣಗಾಗುತ್ತದೆ ಎಂದ. ದೊಡ್ಡಪ್ಪ ಹೊಲ ಬಿಡಿಸಲಿಲ್ಲ. ಮುಂದಿನ ರಾಶಿಗೆ ದೊಡ್ಡಮನೆಯ ಆಳು ಬಂದು ಕೂತು ಎಣಿಸುತ್ತಾನೆ ಎಂದು ಮಾತ್ರ ಹೇಳಿದರು.

ಆ ದಿನ ಊರಲ್ಲೇ ಉಳಿದೆ. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಕಾಕು ಒಬ್ಬ ಕೂಲಿಯವನ ಹೆಗಲ ಮೇಲೆ ಜೋಳದ ಚೀಲ ಹೊರಿಸಿಕೊಂಡು ದೊಡ್ಡಮನೆಗೆ ಬಂದಳು. ಅವಳ ಪಾಲಿನ ಏಳರಲ್ಲಿ ಒಂದು. ಪಡಸಾಲೆಯ ಕಂಬಕ್ಕೆ ಆನಿಸಿ ಇಡಿಸಿ, ಒಳಗಿದ್ದ ದೊಡ್ಡವ್ವನ ಕಡೆ ತಿರುಗಿ, ದೊಡ್ಡಪ್ಪನಿಗೆ ಕೇಳುವ ಹಾಗೆ ಹೇಳಿದಳು.

"ಅಕ್ಕಾ, ಒಂದ ಚೀಲದ ಸಲುವಾಗಿ ಮನಿ ಒಡಿಯೂದು ಬ್ಯಾಡ್ರಿ. ಇದ ಇಟಗೋರಿ."

ನಾನು ಅಡ್ಡ ಹೋದೆ. ಅದನ್ನು ಕೊಟ್ಟರೆ ಕದ್ದದ್ದು ಒಪ್ಪಿಕೊಂಡ ಹಾಗಾಗುತ್ತದೆ, ವಾಪಸ್ ಒಯ್ಯಿ ಎಂದು ಅವಳ ಕೈ ಹಿಡಿದುಕೊಂಡೆ. ಕಾಕು ಮೆಲ್ಲಗೆ ಕೈ ಬಿಡಿಸಿಕೊಂಡು, ಹೊಲ ಹೋದರೆ ತಾನು ಬೋರಾಮಣಿಯ ತವರಿಗೆ ಹೋಗಿ ಅಣ್ಣನ ಹೆಂಡತಿಯ ಕೈಕೆಳಗೆ ಇರಬೇಕಾಗುತ್ತದೆ, ಹೆಸರು ಹೋದರೂ ಹೊಲ ಇರಲಿ ಎಂದಳು. ಮಧ್ಯಾಹ್ನದೊಳಗೆ ಊರಿನ ಬಾಯಲ್ಲಿ ಅದೇ ಮಾತು. ಕದಿಯದಿದ್ದರೆ ತಂದು ಏಕೆ ಕೊಟ್ಟಾಳು? ಎರಡು ದಿನದಲ್ಲಿ ಮಾತು ಕಂದಲಗಾಂವಿಗೂ ಹೋಯಿತು. ಮಗಳ ಅತ್ತೆ ಫೋನಿನಲ್ಲಿ ಏನು ಕೇಳಿದಳೋ, ಕಾಕು ಯಾರಿಗೂ ಹೇಳಲಿಲ್ಲ.

ಸೋಮವಾರ ಸರ್ ಮುಂದೆ ನಿಂತು ಎಲ್ಲ ಹೇಳಿ, ಆ ಸಂಖ್ಯೆ ತಪ್ಪೆಂದು ಒಂದು ಪತ್ರಕ್ಕೆ ಸಹಿ ಶಿಕ್ಕೆ ಹಾಕಿ ಕೊಡಿ ಎಂದು ಬೇಡಿಕೊಂಡೆ. ಅವರು ಕೆಟ್ಟವರಲ್ಲ. ಮುಖ ಸಣ್ಣ ಮಾಡಿಕೊಂಡು ಕೇಳಿದರು. ಒಂದು ತಪ್ಪು ಎಂದು ಬರೆದುಕೊಟ್ಟರೆ ಉಳಿದ ಅರವತ್ತೊಂದು ಮನೆಯವರೂ ಬಂದು ನಿಲ್ಲುತ್ತಾರೆ, ವಿದ್ಯಾಪೀಠದ ಹೆಸರಿನ ಪ್ರಶ್ನೆ ಎಂದರು. ಆಮೇಲೆ ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು ಇಪ್ಪತ್ತಮೂರನೆಯ ಮನೆಯನ್ನು ಅಳಿಸಿದರು. ಪೂರ್ತಿ ಲೆಕ್ಕ ಮತ್ತೆ ನಡೆಸಿ ನೋಡಿ, ಅದಿಲ್ಲದೆ ಫಲಿತಾಂಶ ಇನ್ನೂ ಚೆನ್ನಾಗಿ ಬರುತ್ತದೆ ನೋಡು ಎಂದು ನನಗೆ ಸಮಾಧಾನ ಹೇಳಿದರು. ನಿಜ ಹೇಳಿದ ಒಂದೇ ಮನೆ ತೆಗೆದುಹಾಕಿದ ಮೇಲೆ ಎಲ್ಲ ಸರಿಯಾಯಿತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಎರಡು ಚೀಲದ ಸಂಗತಿಯನ್ನೇ ಬಹಳ ಮೆಚ್ಚಿದರು. ಅರವತ್ತೆರಡು ಮನೆ ಅಂದಿದ್ದಿರಿ, ಇಲ್ಲಿ ಅರವತ್ತೊಂದು ಇದೆಯಲ್ಲ ಎಂದು ಒಬ್ಬರು ಕೇಳಿದರು. ಪ್ರಣಾಲಿ ನನ್ನ ಕಡೆ ನೋಡಿದಳು. ಒಂದು ಮನೆಯ ಮಾಹಿತಿ ಸರಿಯಿರಲಿಲ್ಲ ಎಂದು ನಾನೇ ಉತ್ತರ ಕೊಟ್ಟೆ. ಒಳ್ಳೆಯ ಗ್ರೇಡು ಬಂತು. ಪ್ರಣಾಲಿ ಪುಣೆಗೆ ಹೋದಳು. ನಾನು ಸೋಲಾಪುರದ ಒಂದು ಚಾದರ ಕಾರಖಾನೆಯ ಕಚೇರಿಯಲ್ಲಿ ಯಾವ ಊರಿಗೆ ಯಾವ ಬಣ್ಣ ಹೆಚ್ಚು ಹೋಗುತ್ತದೆ ಎಂದು ನೋಡುವ ಕೆಲಸಕ್ಕೆ ಸೇರಿದೆ. ಕಾಕು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನನಗೆ ಒಂದು ಹೊತ್ತಿನ ನಿದ್ದೆಯಾದರೂ ನೆಟ್ಟಗೆ ಬರುತ್ತಿತ್ತು. ಅಪ್ಪ ಊರಿಗೆ ಹೋದಾಗಲೆಲ್ಲ ಮೊದಲಿನ ಹಾಗೆಯೇ ನನ್ನ ಹೆಸರಲ್ಲಿ ಚಟ್ನಿಯ ಡಬ್ಬಿ ಕಳಿಸಿದಳು. ಅದನ್ನು ನುಂಗುವುದು ಎಷ್ಟು ಕಷ್ಟವೆಂದು ಯಾರಿಗೆ ಹೇಳಲಿ?

ಎರಡು ರಾಶಿಗೆ ನಾನು ಊರ ಕಡೆ ಮುಖ ಹಾಕಲಿಲ್ಲ, ಏನಾದರೊಂದು ನೆವ ಹೇಳಿದೆ. ಹೋದ ವಾರ ಕಾಕುವಿನ ಹೊಲದಲ್ಲಿ ರಾಶಿ ಎಂದು ತಿಳಿದು, ಇನ್ನೆಷ್ಟು ದಿನ ಎಂದು ರಜೆ ಹಾಕಿ ಹೊರಟೆ.

ಟ್ರ್ಯಾಕ್ಟರ್ ಕಣ್ಣಿಗೆ ಮರೆಯಾದ ಮೇಲೆ ಮತ್ತೆ ಗಾಡಿ ಹತ್ತಿ ಹಳ್ಳದ ದಂಡೆಗೆ ಹೋದೆ. ಮಷಿನ್ ಆಗಲೇ ನಿಂತಿತ್ತು. ಕಾಕು ಬರಿಗಾಲಲ್ಲಿ ಕಸಬರಿಗೆ ಹಿಡಿದು ಉಳಿದ ಕಾಳು ಗುಡಿಸುತ್ತಿದ್ದಳು. ಬದುವಿನ ಬೇವಿನ ಮರದ ಕೆಳಗೆ ದೊಡ್ಡಮನೆಯ ಆಳು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ, ಕಿಸೆಯಲ್ಲಿ ಚೀಟಿ, ಕಿವಿಯ ಮೇಲೆ ಪೆನ್ನು. ನಾನು ದೂರದಲ್ಲೇ ಚಪ್ಪಲಿ ಬಿಟ್ಟೆ. ಕಾಕುವಿಗೆ ಸಂತೋಷವಾದದ್ದು ಸುಳ್ಳಲ್ಲ. ಸೆರಗಿನಿಂದ ನನ್ನ ಮುಖದ ಬೆವರು ಒರೆಸಿ, ಸೊರಗಿದ್ದೀ ಎಂದಳು, ಗಡಿಗೆಯ ನೀರು ಬಗ್ಗಿಸಿ ಕೊಟ್ಟಳು, ಕಚೇರಿಯಲ್ಲಿ ಕೂರಲು ಕುರ್ಚಿ ಇದೆಯೇ ಎಂದು ಕೇಳಿದಳು.

ನೀರು ಕುಡಿಯುತ್ತಾ ನಾನು ಚೀಲಗಳನ್ನು ಎಣಿಸಿದೆ. ಬೇಕೆಂದು ಎಣಿಸಲಿಲ್ಲ, ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಹದಿಮೂರಿದ್ದವು. ಕೇಳಬಾರದೆಂದು ನನಗೆ ಗೊತ್ತು. ಆದರೂ ಕೇಳಿದೆ. ಅಂದು ಹಿತ್ತಲಲ್ಲಿ ಹೇಳಿದ ಹಾಗೆ ಇನ್ನೊಂದು ಸಲ ಅವಳ ಬಾಯಿಂದ ಕೇಳಬೇಕು ಎನಿಸಿತ್ತು.

"ಎಷ್ಟಾದ್ವು ಕಾಕು?"

ಕಾಕು ಕಸಬರಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಊರಲ್ಲಿ ಯಾರಾದರೂ ಹಾದುಹೋಗುವವರು ಕೇಳಿದರೆ ನಗುವ ಹಾಗೆ ನಕ್ಕಳು.

"ಹನ್ನೊಂದ ಆದ್ವು, ಅವ್ವಾ" ಎಂದಳು.

ಹದಿಮೂರು ಚೀಲ ನಮ್ಮಿಬ್ಬರ ನಡುವೆಯೇ ಬಿಸಿಲಲ್ಲಿ ನಿಂತಿದ್ದವು. ಛಲೋ ಆತು ಬಿಡು ಎಂದು ಹೇಳಿ, ತಂಬಿಗೆ ಕೆಳಗಿಟ್ಟು, ನಾನೂ ಕಾಳು ಆಯಲು ಕೂತೆ.